ಅಣಕು ಸಂವಿಧಾನ ಸಭೆಗೆ ಯಾವ ಚರ್ಚೆ? ಆರಿಸಿಕೊಳ್ಳುವ ಮುನ್ನ ಓದಿ

ನವೆಂಬರ್ 26ರಂದು ಸಂವಿಧಾನದ ಪ್ರಸ್ತಾವನೆಯನ್ನು ಎಲ್ಲರೂ ಎದ್ದು ನಿಂತು ಓದುತ್ತೇವೆ. ಅದು ಎರಡು ನಿಮಿಷದ ಕೆಲಸ. ಆಮೇಲೆ ಭಾಷಣ, ಹಾರ, ವಂದನಾರ್ಪಣೆ. ಇಷ್ಟು ಸಾಲದು, ಮಕ್ಕಳೇ ಸಂವಿಧಾನ ಸಭೆಯ ಸದಸ್ಯರಾಗಿ ವಾದಿಸಲಿ ಎಂದು ಹೊರಡುವ ಅಧ್ಯಾಪಕರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಚರ್ಚೆಯನ್ನು ತೆಗೆದುಕೊಳ್ಳೋಣ? ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತ, ಹಲವು ವರ್ಷ ಇಂಥ ಸಭೆಗಳನ್ನು ನಡೆಸಿ, ಕೆಲವನ್ನು ಕೆಡಿಸಿಯೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆರಿಸುವುದು ಸುಲಭವಲ್ಲ. 1946ರ ಡಿಸೆಂಬರ್ 9ರಂದು ಸೇರಿದ ಸಭೆ ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. 2 ವರ್ಷ, 11 ತಿಂಗಳು, 17 ದಿನ. ಕರಡಿಗೆ ಬಂದ ತಿದ್ದುಪಡಿ ಸೂಚನೆಗಳು ಸುಮಾರು 7,635. ಅವುಗಳಲ್ಲಿ ಸದನದಲ್ಲಿ ಮಂಡನೆಯಾದವು 2,473. ಸಭೆಯ ಚರ್ಚೆಗಳೆಲ್ಲ ಅಚ್ಚಾಗಿ 12 ಸಂಪುಟಗಳಾಗಿವೆ, ಅಂತರಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಹೆಚ್ಚಿನ ಭಾಷಣಗಳು ಇಂಗ್ಲಿಷಿನಲ್ಲಿವೆ. ವಿದ್ಯಾರ್ಥಿಗಳು ತಮ್ಮ ತಮ್ಮ ಭಾಷಣವನ್ನು ತಾವೇ ಕನ್ನಡಕ್ಕೆ ತಂದುಕೊಳ್ಳಬೇಕು. ಈ ಕೆಲಸವನ್ನು ಅಧ್ಯಾಪಕರು ಮಾಡಿಕೊಡಬೇಡಿ. ವಾದ ತಲೆಯೊಳಗೆ ಇಳಿಯುವುದು ಅನುವಾದ ಮಾಡುವಾಗಲೇ.

ಚರ್ಚೆಯನ್ನು ಆರಿಸಲು ಮೊದಮೊದಲು ನಾನು ನೋಡುತ್ತಿದ್ದದ್ದು ಭಾಷಣದ ಸೊಗಸನ್ನು. ಅದು ತಪ್ಪು ಅಳತೆ. ಸೊಗಸಾದ ಭಾಷಣ ಸಿಕ್ಕವರು ಚಪ್ಪಾಳೆ ಗಿಟ್ಟಿಸುತ್ತಾರೆ, ಉಳಿದವರು ಕುರ್ಚಿ ತುಂಬುತ್ತಾರೆ. ಈಗ ನಾನು ಕೇಳಿಕೊಳ್ಳುವುದು ಬೇರೆ ಪ್ರಶ್ನೆ: ಈ ಚರ್ಚೆಯಲ್ಲಿ ಸೋತವರು ಮನೆಗೆ ಏನನ್ನು ಒಯ್ದರು? ಸಂವಿಧಾನ ಸಭೆಯಲ್ಲಿ ಕಾಂಗ್ರೆಸ್ಸಿಗೆ ದೊಡ್ಡ ಬಹುಮತವಿತ್ತು. ಮತ ಎಣಿಸಿ ಮುಂದೆ ಹೋಗಿದ್ದರೆ ತಡೆಯುವವರಿರಲಿಲ್ಲ. ಹಾಗಿದ್ದೂ ಸೋತ ಪಕ್ಷದ ಮಾತು ಎಷ್ಟೋ ಕಡೆ ಇನ್ನೊಂದು ಬಾಗಿಲಿನಿಂದ ಸಂವಿಧಾನದೊಳಗೆ ಬಂದು ಕೂತಿದೆ. ಆ ಬಾಗಿಲು ಕಾಣುವ ಚರ್ಚೆಯನ್ನು ಆರಿಸಿದರೆ ರಾಜಿ ಎಂದರೇನು ಎಂಬುದು ಪಾಠ ಮಾಡದೆಯೇ ತಿಳಿಯುತ್ತದೆ.

ದೇವರ ಹೆಸರು: ಸಮಯ ಕಡಿಮೆ ಇದ್ದರೆ

ಒಂದು ಗಂಟೆ, ಎಂಟು ಮಂದಿ ಭಾಷಣಕಾರರು. ಇಷ್ಟೇ ಇರುವುದಾದರೆ 10ನೇ ಸಂಪುಟದ ಕೊನೆಗೆ ಹೋಗಿ. 1949ರ ಅಕ್ಟೋಬರ್ 17. ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಲಿ ಎಂಬ ತಿದ್ದುಪಡಿಯನ್ನು ಎಚ್.ವಿ. ಕಾಮತ್ ಮಂಡಿಸುತ್ತಾರೆ. ಸದನದಲ್ಲಿ ಅವರು ಮಧ್ಯಪ್ರಾಂತ ಮತ್ತು ಬೇರಾರ್‌ನ ಪ್ರತಿನಿಧಿ, ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ವಿರೋಧಿಸಿದವರು ನಾಸ್ತಿಕರೇ ಆಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡಿ. ನಂಬಿಕೆಯ ಸ್ವಾತಂತ್ರ್ಯ ಕೊಡುವ ದಾಖಲೆ ತನ್ನ ಮೊದಲ ಸಾಲಿನಲ್ಲೇ ನಂಬಿಕೆಯನ್ನು ಹೇರಬಾರದು ಎಂಬುದು ಹೃದಯನಾಥ ಕುಂಜ್ರು ಮೊದಲಾದವರ ವಾದ. ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ಬೇಡ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಪಟ್ಟು ಬಿಡಲಿಲ್ಲ. ಪರ 41, ವಿರುದ್ಧ 68.

ಕಾಮತ್ ಬರಿಗೈಯಲ್ಲಿ ಹೋದರೆ? ಇಲ್ಲ. ಅದಕ್ಕೂ ಹತ್ತು ತಿಂಗಳ ಹಿಂದೆ, ರಾಷ್ಟ್ರಪತಿಯ ಪ್ರಮಾಣವಚನದ ಚರ್ಚೆಯಲ್ಲಿ ಎರಡು ದಾರಿಗಳನ್ನು ಸಭೆ ಒಪ್ಪಿತ್ತು: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಒಬ್ಬ ವ್ಯಕ್ತಿ ತನ್ನ ಬಾಯಿಂದ ಹೇಳುವಾಗ ದೇವರಿಗೆ ಜಾಗವಿದೆ, ಎಲ್ಲರ ಪರವಾಗಿ ಹೇಳುವಾಗ ಇಲ್ಲ. ಇಷ್ಟು ಸ್ಪಷ್ಟವಾದ ಗೆರೆಯನ್ನು ಪಿಯುಸಿ ಮಕ್ಕಳೂ ಒಂದೇ ಸಲಕ್ಕೆ ಹಿಡಿಯುತ್ತಾರೆ. ಈ ಚರ್ಚೆಯ ಕೊರತೆ ಒಂದೇ, ಬೇಗ ಮುಗಿದುಹೋಗುತ್ತದೆ.

ರಾಜ್ಯಪಾಲ: ಮೊದಲ ಬಾರಿ ನಡೆಸುವವರಿಗೆ

ಹೊಸದಾಗಿ ಆರಂಭಿಸುವವರಿಗೆ ನಾನು ಸಾಮಾನ್ಯವಾಗಿ ಇದನ್ನೇ ಹೇಳುತ್ತೇನೆ. ಪ್ರಶ್ನೆ ಎಲ್ಲರಿಗೂ ಅರ್ಥವಾಗುವಂಥದ್ದು, ಯಾರ ಮನಸ್ಸೂ ನೋಯುವುದಿಲ್ಲ, ಎರಡೂ ಬದಿಗೆ ಹೆಚ್ಚು ಕಡಿಮೆ ಸಮತೂಕದ ವಾದಗಳಿವೆ. ಅದಕ್ಕಿಂತ ಮುಖ್ಯವಾಗಿ, ಸಭೆ ತನ್ನದೇ ನಿರ್ಧಾರವನ್ನು ತಿರುವಿ ಹಾಕಿದ ಸಂದರ್ಭ ಇದು.

1947ರ ಜುಲೈನಲ್ಲಿ ಸಭೆ ಒಪ್ಪಿದ್ದು ಜನರಿಂದ ಚುನಾಯಿತನಾಗುವ ರಾಜ್ಯಪಾಲನನ್ನು. 1949ರ ಮೇ ಕೊನೆಗೆ, 8ನೇ ಸಂಪುಟದಲ್ಲಿ, ಬ್ರಜೇಶ್ವರ ಪ್ರಸಾದ್ ಮಂಡಿಸಿದ ತಿದ್ದುಪಡಿಯಂತೆ ರಾಷ್ಟ್ರಪತಿಯೇ ರಾಜ್ಯಪಾಲನನ್ನು ನೇಮಿಸುವುದೆಂದು ತೀರ್ಮಾನವಾಯಿತು. ನಡುವೆ ಏನಾಯಿತು? ದೇಶ ಒಡೆಯಿತು, ಸಂಸ್ಥಾನಗಳು ಸೇರಿದವು, ಒಗ್ಗಟ್ಟಿನ ಚಿಂತೆ ಮುಂದೆ ಬಂತು. ಒಂದೇ ಪ್ರಾಂತದಲ್ಲಿ ಮುಖ್ಯಮಂತ್ರಿಯೂ ರಾಜ್ಯಪಾಲನೂ ಜನರ ಮತದಿಂದ ಬಂದರೆ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಯೂ ಇತ್ತು. ನೆಹರೂ ನೇಮಕದ ಪರ ಮಾತನಾಡಿದರು. ಕೇಂದ್ರದಲ್ಲಿ ಒಂದು ಪಕ್ಷ, ಪ್ರಾಂತದಲ್ಲಿ ಇನ್ನೊಂದು ಪಕ್ಷ ಬಂದ ದಿನ ಈ ನೇಮಕ ಏನಾಗುತ್ತದೆ ಎಂಬ ಆತಂಕವೂ ಆಗಲೇ ಸದನದಲ್ಲಿ ಕೇಳಿಬಂತು.

ಸೋತವರಿಗೆ ಸಿಕ್ಕಿದ್ದು? ನೇಮಕಕ್ಕೆ ಮುನ್ನ ಪ್ರಾಂತದ ಸರ್ಕಾರವನ್ನು ಕೇಳುವ ಸಂಪ್ರದಾಯ ಬೆಳೆಯಬಹುದೆಂಬ ಭರವಸೆ. ಬರಹದಲ್ಲಿ ಏನೂ ಇಲ್ಲ, ಮಾತಿನಲ್ಲಿ ಮಾತ್ರ. ನನ್ನ ಅಳತೆಯಲ್ಲಿ ಇದು ಅರ್ಧ ರಾಜಿ. ಆ ಅರ್ಧದ ಬೆಲೆಯನ್ನು ನಾವು ಕರ್ನಾಟಕದಲ್ಲೇ ತೆತ್ತಿದ್ದೇವೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರಿಗೆ ವಿಧಾನಸಭೆಯಲ್ಲಿ ಬಲ ತೋರಿಸಲು ಅವಕಾಶವೇ ಸಿಗಲಿಲ್ಲ. ರಾಜ್ಯಪಾಲರ ವರದಿಯ ಮೇಲೆ ಸರ್ಕಾರ ವಜಾ ಆಯಿತು. ಬಹುಮತ ಸಾಬೀತಾಗಬೇಕಾದ ಜಾಗ ಸದನವೇ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರಲ್ಲಿ. ಚರ್ಚೆ ಮುಗಿದ ಮೇಲೆ ಹದಿನೈದು ನಿಮಿಷ ಈ ಪ್ರಕರಣಕ್ಕೆ ಇಟ್ಟುಕೊಳ್ಳಿ. 1949ರಲ್ಲಿ ಸೋತ ಪಕ್ಷದ ಪಾತ್ರ ಮಾಡಿದವರ ಮುಖವನ್ನು ಆಗ ನೋಡಬೇಕು.

ಹಳ್ಳಿಯೋ ವ್ಯಕ್ತಿಯೋ: ನನಗೆ ಅತಿ ಇಷ್ಟವಾದದ್ದು

1948ರ ಕರಡಿನಲ್ಲಿ ಗ್ರಾಮ ಪಂಚಾಯಿತಿಗೆ ಜಾಗವಿರಲಿಲ್ಲ. ಗಾಂಧೀಜಿ ಹತ್ಯೆಯಾಗಿ ಒಂದು ತಿಂಗಳೂ ತುಂಬುವ ಮೊದಲು ಸಿದ್ಧವಾದ ಕರಡು ಅದು. ಹಳ್ಳಿಯನ್ನೇ ತಳಹದಿಯಾಗಿ ಮಾಡಿಕೊಳ್ಳಲು ಸಾಧ್ಯವೇ ಎಂದು ಆ ವರ್ಷದ ಮೇ ತಿಂಗಳಿನಲ್ಲಿ ರಾಜೇಂದ್ರ ಪ್ರಸಾದರು ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಅವರಿಗೆ ಪತ್ರ ಬರೆದು ವಿಚಾರಿಸಿದರು. ಹೊತ್ತು ಮೀರಿತ್ತು. ನವೆಂಬರ್ 4ರಂದು ಕರಡನ್ನು ಸದನದ ಮುಂದಿಡುತ್ತ ಅಂಬೇಡ್ಕರ್ ಮುಚ್ಚುಮರೆಯಿಲ್ಲದೆ ಹೇಳಿದರು: ಹಳ್ಳಿ ಎಂದರೆ ಸಂಕುಚಿತತೆಯ ಕೊಳಚೆ, ಅಜ್ಞಾನದ ಗುಹೆ, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡದ್ದು ತನಗೆ ಸಂತೋಷ ತಂದಿದೆ.

ಸದನ ಕಾವೇರಿತು. ಸ್ವಾತಂತ್ರ್ಯ ಹೋರಾಟದ ಕನಸೆಲ್ಲ ಗ್ರಾಮದ ಸುತ್ತ ಹೆಣೆದುಕೊಂಡಿತ್ತು. ಈಗ ಕರಡು ಸಮಿತಿಯ ಅಧ್ಯಕ್ಷರೇ ಅದನ್ನು ಗುಹೆ ಎನ್ನುತ್ತಿದ್ದಾರೆ. ವಿರೋಧಿಸಿದವರಲ್ಲಿ ಮತ್ತೆ ಕಾಮತ್ ಇದ್ದಾರೆ. ಈ ಅತೃಪ್ತಿ ಕೊನೆಯವರೆಗೂ ಹೊಗೆಯಾಡಿತು. 1949ರ ನವೆಂಬರ್‌ನಲ್ಲಿ ಮೈಸೂರಿನ ಕೆ. ಹನುಮಂತಯ್ಯನವರು, ನಮಗೆ ಬೇಕಾಗಿದ್ದದ್ದು ವೀಣೆ ಅಥವಾ ಸಿತಾರಿನ ಸಂಗೀತ, ಇಲ್ಲಿ ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದರು. ಕೆಂಗಲ್ಲರ ಈ ಮಾತನ್ನು ಕನ್ನಡದ ಮಕ್ಕಳ ಬಾಯಲ್ಲಿ ಕೇಳಿಸಬೇಕೆಂಬ ಆಸೆಯೂ ನನ್ನ ಆಯ್ಕೆಯ ಹಿಂದಿದೆ, ಒಪ್ಪಿಕೊಳ್ಳುತ್ತೇನೆ.

ರಾಜಿ ಆದದ್ದು 1948ರ ನವೆಂಬರ್ 22ರಂದು. ರಾಜ್ಯವು ಗ್ರಾಮ ಪಂಚಾಯಿತಿಗಳನ್ನು ಸಂಘಟಿಸಲು ಕ್ರಮ ಕೈಗೊಳ್ಳಬೇಕು, ಸ್ವಯಮಾಡಳಿತದ ಘಟಕಗಳಾಗಿ ಕೆಲಸ ಮಾಡಲು ಬೇಕಾದ ಅಧಿಕಾರವನ್ನು ಅವಕ್ಕೆ ಕೊಡಬೇಕು ಎಂಬ ಹೊಸ ವಿಧಿಯನ್ನು ಕೆ. ಸಂತಾನಂ ಮಂಡಿಸಿದರು. ಹಳ್ಳಿಯ ಬಗ್ಗೆ ಅಷ್ಟು ಕಟುವಾಗಿ ಮಾತನಾಡಿ ಮೂರು ವಾರವೂ ಆಗಿರಲಿಲ್ಲ. ಅಂಬೇಡ್ಕರ್ ವಾದಕ್ಕೆ ಇಳಿಯದೆ ತಿದ್ದುಪಡಿಯನ್ನು ಒಪ್ಪಿಕೊಂಡರು. ಅದೇ ಇಂದಿನ 40ನೇ ವಿಧಿ. ಗ್ರಾಮಪರರು ಕೇಳಿದ್ದು ಅಡಿಪಾಯ, ಸಿಕ್ಕಿದ್ದು ನ್ಯಾಯಾಲಯ ಜಾರಿ ಮಾಡಲಾಗದ ಒಂದು ನಿರ್ದೇಶಕ ತತ್ವ. ಅಂಬೇಡ್ಕರ್ ಉಳಿಸಿಕೊಂಡದ್ದು ವ್ಯಕ್ತಿಯನ್ನು: ಮತ ಹಳ್ಳಿಯದಲ್ಲ, ಹಕ್ಕು ಹಳ್ಳಿಯದಲ್ಲ, ಎರಡೂ ಒಬ್ಬೊಬ್ಬ ಮನುಷ್ಯನದು.

ಆ ನಿರ್ದೇಶಕ ತತ್ವ ಕಾಗದದಲ್ಲೇ ಉಳಿಯಿತೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕರ್ನಾಟಕದಲ್ಲಿ 1983ರ ಕಾಯಿದೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳನ್ನು ತಂದಿತು. ನಾಲ್ಕರಲ್ಲೊಂದು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಆ ಕಾಯಿದೆಯನ್ನು ತಂದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಹಳ್ಳಿಗಳಲ್ಲಿ ಈಗಲೂ ನೆನೆಯುತ್ತಾರೆ. 73ನೇ ತಿದ್ದುಪಡಿ ದೇಶಕ್ಕೆಲ್ಲ ಅದನ್ನು ಕಡ್ಡಾಯ ಮಾಡಿದ್ದು ಹತ್ತು ವರ್ಷದ ಮೇಲೆ, 1993ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಹಾಗೆಯೇ, ಆ ತಿದ್ದುಪಡಿಯಲ್ಲಿ ದಲಿತರಿಗೂ ಮಹಿಳೆಯರಿಗೂ ಸ್ಥಾನ ಮೀಸಲಿಡಬೇಕಾಗಿ ಬಂದದ್ದು ಯಾಕೆ ಎಂದು ನೀವು ತಿರುಗಿ ಕೇಳಿ. ಅಂಬೇಡ್ಕರರ ಮಾತು ಆಗ ಮತ್ತೆ ಕೋಣೆಯೊಳಗೆ ಬರುತ್ತದೆ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಪಂಚಾಯಿತಿ ಸದಸ್ಯೆಯೊಬ್ಬರ ಮಗನೋ ಮಗಳೋ ಇದ್ದೇ ಇರುತ್ತಾರೆ. ಅವರ ಮಾತಿಗೆ ಸಮಯ ಬಿಡಿ.

ಒಂದು ಎಚ್ಚರಿಕೆ. ಈ ಚರ್ಚೆಯಲ್ಲಿ ಅಂಬೇಡ್ಕರರ ಪಾತ್ರವನ್ನು ದಲಿತ ವಿದ್ಯಾರ್ಥಿಗೇ ಕೊಡಬೇಕು ಎಂದು ನೀವಾಗಿ ತೀರ್ಮಾನಿಸಬೇಡಿ. ಒಮ್ಮೆ ನಾನು ಹಾಗೆ ಮಾಡಿದೆ. ಅಭ್ಯಾಸದ ದಿನ ಆ ಹುಡುಗಿ ಬಂದು, “ಮೇಡಂ, ನನಗೆ ಸಂತಾನಂ ಕೊಡಿ. ನಮ್ಮೂರಿನಲ್ಲಿ ಬದಲಾಗಬೇಕಾದದ್ದನ್ನು ಅಂಬೇಡ್ಕರ್ ಆಗಿ ಹೇಳಬೇಕಾದವರು ಬೇರೆಯವರು” ಎಂದಳು. ಹಳ್ಳಿಯಲ್ಲಿ ದೊಡ್ಡ ಜಮೀನಿದ್ದ ಮನೆಯ ಹುಡುಗನೊಬ್ಬ ಆ ವರ್ಷ ಅಂಬೇಡ್ಕರ್ ಆದ. ಅವನು ಆ ಭಾಷಣವನ್ನು ಕನ್ನಡಕ್ಕೆ ತರಲು ಎರಡು ವಾರ ತೆಗೆದುಕೊಂಡ. ಅಂದಿನಿಂದ ಪಾತ್ರಗಳನ್ನು ಕೇಳಿಯೇ ಹಂಚುತ್ತೇನೆ.

ವೈಯಕ್ತಿಕ ಸ್ವಾತಂತ್ರ್ಯ: ಕಾನೂನು ಓದುವವರಿಗೆ, ಪದವಿಯ ಕೊನೆಯ ವರ್ಷದವರಿಗೆ

ತೂಕದಲ್ಲಿ ಇದಕ್ಕೆ ಸಮನಾದ ಚರ್ಚೆ ಇಲ್ಲ. ಕಷ್ಟದಲ್ಲೂ ಇಲ್ಲ. ಇಂದಿನ 21ನೇ ವಿಧಿ ಆಗ ಕರಡಿನ 15ನೇ ವಿಧಿ. ‘ಡ್ಯೂ ಪ್ರೊಸೆಸ್’, ಅಂದರೆ ನ್ಯಾಯೋಚಿತವಾದ ಕಾನೂನು ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂದು ಮೊದಲು ಬರೆದಿತ್ತು. ಬಿ.ಎನ್. ರಾವ್ ಮಂಗಳೂರಿನ ಬೆನಗಲ್ ಮನೆತನದವರು. ಸಭೆಯ ಸದಸ್ಯರಲ್ಲದಿದ್ದರೂ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರೇ. 1947ರ ಕೊನೆಗೆ ಅವರು ಅಮೆರಿಕಕ್ಕೆ ಹೋದಾಗ, ಈ ಪದ ನ್ಯಾಯಾಧೀಶರಿಗೆ ಶಾಸಕಾಂಗದ ಮೇಲೆ ಅತಿಯಾದ ಅಧಿಕಾರ ಕೊಡುತ್ತದೆ ಎಂದು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಕಾರ್ಮಿಕರ ಪರವಾದ ಕಾನೂನುಗಳನ್ನು ಅಲ್ಲಿನ ನ್ಯಾಯಾಲಯಗಳು ಇದೇ ಪದದ ಬಲದಿಂದ ಹೊಡೆದುಹಾಕಿದ್ದವು. ಭೂಸುಧಾರಣೆಯ ಕನಸಿದ್ದ ನಮ್ಮವರಿಗೆ ಅದು ದಿಗಿಲು ಹುಟ್ಟಿಸಿದ್ದು ಸಹಜ. ಕರಡು ಸಮಿತಿ ಜಪಾನಿನ ಸಂವಿಧಾನದ ಮಾತನ್ನು ತಂದಿತು: ಕಾನೂನು ಗೊತ್ತುಪಡಿಸಿದ ಕ್ರಮದಂತೆ ಹೊರತು. ಕ್ರಮ ಇದ್ದರೆ ಸಾಕು, ಅದು ನ್ಯಾಯವಾಗಿದೆಯೇ ಎಂದು ಕೇಳುವಂತಿಲ್ಲ.

1948ರ ಡಿಸೆಂಬರ್‌ನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಹಳೆಯ ಪದವನ್ನೇ ಹಿಂದಕ್ಕೆ ತರಲು ತಿದ್ದುಪಡಿ ತಂದರು. ಕರಡು ಸಮಿತಿಯೇ ಎರಡಾಯಿತು: ಮುನ್ಷಿ ಪರ, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ವಿರುದ್ಧ. ಡಿಸೆಂಬರ್ 13ರಂದು ಅಂಬೇಡ್ಕರ್ ಎದ್ದು ನಿಂತು, ಶಾಸಕಾಂಗವನ್ನೂ ಪೂರ್ತಿ ನಂಬಲಾಗದು, ಬೆರಳೆಣಿಕೆಯ ನ್ಯಾಯಾಧೀಶರ ವೈಯಕ್ತಿಕ ಒಲವನ್ನೂ ನಂಬಲಾಗದು ಎಂದರು. ಗ್ರೀಕ್ ಪುರಾಣದ ಎರಡು ಕಡಲಾಪತ್ತುಗಳ ಉಪಮೆ ಬಳಸಿದರು. ಕನ್ನಡದಲ್ಲಿ ಅತ್ತ ದರಿ, ಇತ್ತ ಪುಲಿ ಎಂದರೆ ಸರಿಯಾಗಿ ಕೂರುತ್ತದೆ. ತೀರ್ಮಾನವನ್ನು ಸದನಕ್ಕೇ ಬಿಟ್ಟರು. ತಿದ್ದುಪಡಿ ಬಿದ್ದುಹೋಯಿತು.

ಇಲ್ಲಿಗೆ ನಿಲ್ಲಿಸುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಎರಡನೆಯ ಅಂಕ 9ನೇ ಸಂಪುಟದಲ್ಲಿದೆ. 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ 15-ಎ ಎಂಬ ಹೊಸ ವಿಧಿಯನ್ನು ತಂದರು. ಹಿಂದಿನ ಮಾತುಗಳಿಂದ ಹೊರಗಿನ ಜನರಿಗೂ ತನಗೂ ತೃಪ್ತಿಯಾಗಿರಲಿಲ್ಲ, ಆಗಿರುವ ನಷ್ಟವನ್ನು ಇದು ತುಂಬಿಕೊಡಲಿ ಎಂದರು. ಬಂಧಿಸಿದ ಕಾರಣವನ್ನು ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇಂದಿನ 22ನೇ ವಿಧಿ. ಪತ್ರಿಕೆಯಲ್ಲಿ ದಿನವೂ ಓದುವ ಆ 24 ಗಂಟೆ ಸೋತವರಿಗೆ ಸಂದ ಪಾಲು ಎಂಬುದು ಗೊತ್ತಾದಾಗ ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆದರೆ ಅದೇ ವಿಧಿ ಮುಂಜಾಗ್ರತಾ ಬಂಧನಕ್ಕೂ, ಅಂದರೆ ಅಪರಾಧ ನಡೆಯುವ ಮೊದಲೇ ಹಿಡಿದಿಡುವುದಕ್ಕೂ, ಒಪ್ಪಿಗೆ ಕೊಟ್ಟಿತು ಎಂಬುದನ್ನು ಮುಚ್ಚಿಡಬೇಡಿ. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಅದರ ಬಿಸಿ ತಟ್ಟಿತು. ಕ್ರಮ ನ್ಯಾಯವಾಗಿಯೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 1978ರ ಮೇನಕಾ ಗಾಂಧಿ ಪ್ರಕರಣದವರೆಗೆ ಕಾಯಬೇಕಾಯಿತು.

ಇದಕ್ಕೆ ಎರಡು ದಿನ ಬೇಕು, ನಡುವೆ ಒಂದು ವಾರದ ಬಿಡುವು ಬೇಕು. ಒಂದೇ ಮಧ್ಯಾಹ್ನದಲ್ಲಿ ಮುಗಿಸುವುದಾದರೆ ಹಳ್ಳಿಯ ಚರ್ಚೆಯನ್ನೇ ತೆಗೆದುಕೊಳ್ಳಿ. ಅದೂ ಇದರ ಮೊದಲ ಅಂಕವೂ 7ನೇ ಸಂಪುಟದಲ್ಲೇ ಇರುವುದರಿಂದ ಓದುವಾಗ ಎರಡನ್ನೂ ತೂಗಿ ನೋಡಬಹುದು.

ಭಾಷೆ: ಆಸೆ ಎಲ್ಲರಿಗೂ, ಸಿದ್ಧತೆ ಕೆಲವರಿಗೆ

ಕೈಯೆತ್ತಿಸಿದರೆ ವಿದ್ಯಾರ್ಥಿಗಳು ಆರಿಸುವುದು ಇದನ್ನೇ. 1949ರ ಸೆಪ್ಟೆಂಬರ್ 12ರಿಂದ 14ರವರೆಗೆ ನಡೆದ ಈ ಚರ್ಚೆಯಲ್ಲಿ ಕೊಡು-ಕೊಳ್ಳುವಿಕೆ ಬೇರೆಲ್ಲಿಗಿಂತ ಢಾಳಾಗಿ ಕಾಣುತ್ತದೆ ಎಂಬುದೂ ನಿಜ. ಮುನ್ಷಿ-ಅಯ್ಯಂಗಾರ್ ಸೂತ್ರದಲ್ಲಿ ಹಿಂದಿಗೆ ಸಿಕ್ಕಿದ್ದು ದೇವನಾಗರಿ ಲಿಪಿ ಮತ್ತು ಒಕ್ಕೂಟದ ಆಡಳಿತ ಭಾಷೆಯ ಪಟ್ಟ; ‘ರಾಷ್ಟ್ರಭಾಷೆ’ ಎಂಬ ಮಾತು ಸಿಗಲಿಲ್ಲ. ಹಿಂದಿಯೇತರರಿಗೆ ಸಿಕ್ಕಿದ್ದು ಇಂಗ್ಲಿಷಿನ 15 ವರ್ಷದ ಗಡುವು, ಅಂತರರಾಷ್ಟ್ರೀಯ ರೂಪದ ಅಂಕಿಗಳು, ಕನ್ನಡವೂ ಸೇರಿ 14 ಭಾಷೆಗಳ ಎಂಟನೇ ಅನುಸೂಚಿ. ಅಂಕಿಗಳ ಮೇಲೆ ಅಷ್ಟೊಂದು ಜಗಳವೇ ಎಂದು ಮಕ್ಕಳು ಕೇಳಿದರೆ, ನಿಮ್ಮ ಊರಿನ ಬಸ್ಸಿನ ಮುಂದಿನ ಅಂಕಿಯನ್ನು ನೆನಪಿಸಿಕೊಳ್ಳಲು ಹೇಳಿ.

ಆದರೂ ಹೊಸಬರಿಗೆ ಇದು ಬೇಡ ಎನ್ನುತ್ತೇನೆ. 1949ರ ಪಾತ್ರ ಮಾಡಲು ಬಂದವರು ಐದು ನಿಮಿಷದಲ್ಲಿ ಇಂದಿನ ಜಗಳಕ್ಕೆ ಇಳಿಯುತ್ತಾರೆ. ಹಿಂದಿಯ ಪರ ಪಾತ್ರ ಮಾಡಿದ ವಿದ್ಯಾರ್ಥಿಯನ್ನು ಕಾರ್ಯಕ್ರಮ ಮುಗಿದ ಮೇಲೂ ಛೇಡಿಸಿದ್ದನ್ನು ಕಂಡಿದ್ದೇನೆ. ಆ ಮೂರು ದಿನಗಳ ಭಾಷಣಗಳನ್ನು ಪೂರ್ತಿ ಓದಿಕೊಂಡು ಬರುವ ತಂಡವಿದ್ದರೆ ಮಾತ್ರ, ಇಬ್ಬರು ಅಧ್ಯಾಪಕರು ಇದ್ದರೆ ಮಾತ್ರ, ಕೈ ಹಾಕಿ. ಕನ್ನಡಿಗರಿಗೆ ಎದುರಾಳಿಯ ವಾದವನ್ನೇ ಕೊಡಿ, ಅದು ಹೆಚ್ಚು ಕಲಿಸುತ್ತದೆ.

ಅಭಿನಯಕ್ಕೆ ಬೇಡ, ಓದಿಗೆ ಇರಲಿ

ಪ್ರತ್ಯೇಕ ಮತಕ್ಷೇತ್ರ (ಒಂದು ಸಮುದಾಯದ ಪ್ರತಿನಿಧಿಯನ್ನು ಆ ಸಮುದಾಯದವರೇ ಆರಿಸುವ ಪದ್ಧತಿ) ಮತ್ತು ಅಲ್ಪಸಂಖ್ಯಾತರ ಮೀಸಲು ಸ್ಥಾನಗಳ ಚರ್ಚೆಯನ್ನು ನಾನು ಅಭಿನಯಕ್ಕೆ ಕೊಡುವುದಿಲ್ಲ. ದೇಶ ವಿಭಜನೆಯ ಗಾಯ ಹಸಿಯಾಗಿದ್ದಾಗ ಆಡಿದ ಮಾತುಗಳವು. 1949ರ ಮೇ ತಿಂಗಳಿನಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಡುವ ತೀರ್ಮಾನವನ್ನು ಬೇಗಂ ಐಜಾಜ್ ರಸೂಲ್ ಬೆಂಬಲಿಸಿದರೆ, ಮದ್ರಾಸಿನ ಮಹಮ್ಮದ್ ಇಸ್ಮಾಯಿಲ್ ಪ್ರತ್ಯೇಕ ಮತಕ್ಷೇತ್ರವನ್ನೇ ಕೇಳಿದರು. ಇಬ್ಬರದೂ ಒಂದೇ ಸಮುದಾಯ, ಇಬ್ಬರ ಭಯವೂ ನಿಜ. ಇದನ್ನು ಹತ್ತು ಜನ ಸುತ್ತ ಕೂತು ನಿಧಾನವಾಗಿ ಗಟ್ಟಿಯಾಗಿ ಓದಿ. ಮತ ಹಾಕಿಸಬೇಡಿ.

ದೊಡ್ಡ ಸಭಾಂಗಣ, ನೂರಾರು ಪ್ರೇಕ್ಷಕರು, ಪೋಷಕರೂ ಬರುತ್ತಾರೆ ಎಂದಾದರೆ ಮೊದಲ ಎರಡು ಸಂಪುಟಗಳಲ್ಲಿರುವ, ಸಂವಿಧಾನದ ಗುರಿಗಳನ್ನು ಸಾರಿದ ಧ್ಯೇಯ ನಿರ್ಣಯದ ಚರ್ಚೆ ಸಾಕು. ನೆಹರೂ ಮಂಡಿಸಿದ್ದು 1946ರ ಡಿಸೆಂಬರ್ 13ರಂದು; ಮುಸ್ಲಿಂ ಲೀಗ್ ಬರುವವರೆಗೆ ಕಾಯೋಣ ಎಂದು ಎಂ.ಆರ್. ಜಯಕರ್ ಕೇಳಿದರು; 17ರಂದು ಅಂಬೇಡ್ಕರ್ ಕಾಯುವುದರ ಪರ ಮಾತನಾಡಿದರು. ನಿರ್ಣಯ ಅಂಗೀಕಾರವಾದದ್ದು 1947ರ ಜನವರಿ 22ರಂದು. ಲೀಗ್ ಬರಲಿಲ್ಲ, ಆದರೆ ಸಭೆ ಕಾದಿತ್ತು.

ಯಾವುದನ್ನು ಆರಿಸಿದರೂ ಮತ ಎಣಿಸಿದ ಮೇಲೆ ಕಾರ್ಯಕ್ರಮವನ್ನು ಮುಗಿಸಬೇಡಿ. ಸೋತ ಪಕ್ಷದವರಿಗೆ ಒಂದು ಹಾಳೆ ಕೊಟ್ಟು, ಸಂವಿಧಾನದಲ್ಲಿ ಸೇರಬೇಕಾದ ಒಂದೇ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆಯಲು ಹೇಳಿ. ಅದನ್ನು ಗೆದ್ದವರ ಮುಂದಿಡಲಿ. ಗೆದ್ದವರು ಪದ ಬದಲಿಸಲಿ, ಚೌಕಾಸಿ ಮಾಡಲಿ, ಹಾಳೆ ನಾಲ್ಕು ಸಲ ಆಚೀಚೆ ಓಡಾಡಲಿ. ಎರಡೂ ಕಡೆಯವರು ಸಹಿ ಹಾಕುವವರೆಗೆ ಬಾಗಿಲು ತೆರೆಯಬೇಡಿ, ಊಟ ತಣ್ಣಗಾದರೂ ಚಿಂತೆಯಿಲ್ಲ.